ಕೆಸರಿಗೆಂದು ಕೊಂಡ ಟಯರ್, ಟಾರಿನಲ್ಲಿ ಸವೆದ ದುಡ್ಡು

ಕೊಡಚಾದ್ರಿಗೆ ಜನರನ್ನು ಹೊತ್ತೊಯ್ಯುವ ಜೀಪುಗಳ ಟಯರನ್ನು ಬಗ್ಗಿ ನೋಡುವ ಪ್ರಯಾಣಿಕರು ಕಡಿಮೆ. ಹತ್ತುವಾಗ ಕಂಬಿ ಹಿಡಿಯುವ ಗಡಿಬಿಡಿ, ಇಳಿಯುವಾಗ ಸೊಂಟ ಸರಿಮಾಡಿಕೊಳ್ಳುವ ಗಡಿಬಿಡಿ. ಆದರೂ ಒಮ್ಮೆ ನೋಡಬೇಕು. 1,343 ಮೀಟರ್ ಎತ್ತರದ ಆ ಬೆಟ್ಟದ ಕೊನೆಯ ಹಾದಿಯನ್ನು ರಸ್ತೆ ಎನ್ನಲು ನಾಲಿಗೆ ಹಿಂಜರಿಯುತ್ತದೆ. ಕೊರಕಲು, ಉರುಳುಗಲ್ಲು, ಮಳೆ ಬಿದ್ದರೆ ಸೋಪಿನಂತಾಗುವ ಕೆಮ್ಮಣ್ಣು. ಅದನ್ನು ದಿನವೂ ಹತ್ತಿ ಇಳಿಯುವ ಹಳೆಯ ಮಹೀಂದ್ರಾ ಜೀಪುಗಳಿಗೆ ಇರುವುದು ಸಣಕಲು ಟಯರು. ತಾಲ್ಲೂಕು ಕೇಂದ್ರದ ಅಂಗಡಿಯಲ್ಲೇ ಸಿಗುವಂಥದ್ದು, ಪಂಚರ್ ಆದರೆ ಯಾರು ಬೇಕಾದರೂ ಬಿಚ್ಚಿ ಹಾಕುವಂಥದ್ದು. ಬೆಟ್ಟದ ಬುಡದಲ್ಲಿ ಬೆಂಗಳೂರಿನಿಂದ ಬಂದ ಹೊಸ ಗಾಡಿಯೊಂದು ನಿಂತಿರುತ್ತದೆ. ಅದರ ಟಯರಿನ ಅಗಲ ಜೀಪಿನದರ ಒಂದೂವರೆ ಪಟ್ಟು, ಬೆಲೆ ಇನ್ನೂ ಎಷ್ಟೋ ಪಟ್ಟು. ಅದರ ಯಜಮಾನರು ಗಾಡಿಯನ್ನು ಕೆಳಗೇ ಬಿಟ್ಟು, ತಲೆಗಿಷ್ಟು ಎಂದು ಕೊಟ್ಟು, ಜೀಪಿನಲ್ಲಿ ಮೇಲೆ ಹೋಗಿರುತ್ತಾರೆ.

ಹೊಸ ಗಾಡಿಯವರನ್ನು ಹೀಯಾಳಿಸುವ ಉದ್ದೇಶ ನನಗಿಲ್ಲ. ಥಾರ್, ಜಿಮ್ನಿ, ಗೂರ್ಖಾ ಕೊಂಡವರಿಗೆ ಮೊದಲ ವರ್ಷದಲ್ಲೇ ಟಯರಿನ ಹುಚ್ಚು ಹಿಡಿಯುವುದು ಸಹಜ. ಗಾಡಿಯ ಗತ್ತು ಬದಲಾಗುವುದೇ ಟಯರಿನಿಂದ. ಆದರೆ ಜೀಪಿನ ಡ್ರೈವರ್‌ಗೂ ಇವರಿಗೂ ಒಂದು ವ್ಯತ್ಯಾಸವಿದೆ. ಅವನಿಗೆ ಟಯರ್ ಎಂದರೆ ದುಡಿಮೆಯ ಬಂಡವಾಳ. ಒಂದು ಜೊತೆ ಎಷ್ಟು ತಿಂಗಳು ಬಂತು, ಯಾವ ಕಲ್ಲಿಗೆ ಪಕ್ಕೆ ಹರಿಯಿತು, ಕಿಲೋಮೀಟರಿಗೆ ಎಷ್ಟು ಬಿತ್ತು ಎಂಬ ಲೆಕ್ಕ ಅವನ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಟಯರ್ ಆರಿಸಬೇಕಾದರೆ ಆ ಲೆಕ್ಕದಿಂದಲೇ ಶುರುಮಾಡಬೇಕು.

ಮೊದಲು ಗಾಡಿ ಎಲ್ಲೆಲ್ಲಿ ಓಡುತ್ತದೆ ಎಂದು ನೋಡೋಣ. ಕುದುರೆಮುಖ ಚಾರಣಕ್ಕೆ ಹೋಗುವವರು ಬೆಂಗಳೂರಿನಿಂದ ಕಳಸದ ಕಡೆಗೆ 300 ಕಿ.ಮೀ.ಗೂ ಹೆಚ್ಚು ಟಾರು ರಸ್ತೆಯಲ್ಲಿ ಓಡಿಸುತ್ತಾರೆ. ಬಾಳೆಗಲ್ಲಿನಿಂದ ಮುಳ್ಳೋಡಿಗೆ ಹತ್ತುವ ಕಚ್ಚಾ ದಾರಿ ಕೆಲವೇ ಕಿ.ಮೀ. ಸಕಲೇಶಪುರದ ತೋಟಕ್ಕೆ ತಿಂಗಳಿಗೊಮ್ಮೆ ಹೋಗಿಬರುವವರದೂ ಹೆಚ್ಚುಕಡಿಮೆ ಇದೇ ಪಾಡು. ಹೆದ್ದಾರಿ ಬಿಟ್ಟ ಮೇಲಿನ ಕೊನೆಯ ತುಣುಕಿಗಾಗಿ ನಾವು ಟಯರ್ ಕೊಳ್ಳುತ್ತೇವೆ; ಅದು ಸವೆಯುವುದು ನೆಲಮಂಗಲ, ಹಾಸನದ ಟಾರಿನ ಮೇಲೆ. ಅದಕ್ಕಿಂತ ಮುಖ್ಯವಾದದ್ದು, ಜೀವಕ್ಕೆ ಅಪಾಯ ಇರುವುದೂ ಟಾರಿನ ಮೇಲೆಯೇ. ಕೆಸರಿನಲ್ಲಿ ಗಾಡಿ ಹೂತರೆ ಹೆಚ್ಚೆಂದರೆ ಅರ್ಧ ದಿನ ಹೋಗುತ್ತದೆ, ಬಟ್ಟೆ ಹಾಳಾಗುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲೊಂದರಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ಎದುರಿಗೆ ಬಸ್ಸು ಬಂದಾಗ ಬ್ರೇಕ್ ಹಿಡಿಯದಿದ್ದರೆ ಹೋಗುವುದು ಅರ್ಧ ದಿನವಲ್ಲ.

ಇಲ್ಲಿ ಮೂರು ಜಾತಿಯ ಟಯರುಗಳ ಗುಣ ತಿಳಿದಿರಬೇಕು. ಹೊಸ ಗಾಡಿಯ ಜೊತೆ ಬರುವವು ಬಹುಪಾಲು ಹೆದ್ದಾರಿಯ ಜಾತಿ, ಅಂದರೆ ಎಚ್/ಟಿ. ಗ್ರಿಪ್ಪಿನ ಗಟ್ಟಿಗಳು, ಅಂದರೆ ಬಟನ್ನುಗಳು, ಒತ್ತೊತ್ತಾಗಿರುತ್ತವೆ, ಸದ್ದಿಲ್ಲ, ಡೀಸೆಲ್ ಉಳಿತಾಯ. ಇನ್ನೊಂದು ತುದಿಯಲ್ಲಿರುವುದು ಎಂ/ಟಿ, ಕೆಸರಿನ ಟಯರು. ಬಟನ್ನುಗಳು ದಪ್ಪ, ನಡುವೆ ಅಗಲವಾದ ಖಾಲಿ ಜಾಗ. ಚಕ್ರ ತಿರುಗಿದಾಗ ಮೆತ್ತಿದ ಕೆಸರು ಆ ಜಾಗದಿಂದ ಸಿಡಿದುಹೋಗಿ ಟಯರಿನ ಹಲ್ಲು ಮತ್ತೆ ನೆಲ ಕಚ್ಚಬೇಕು ಎಂಬುದು ಅದರ ಲೆಕ್ಕಾಚಾರ. ಆ ಖಾಲಿ ಜಾಗವೇ ಟಾರಿನ ಮೇಲೆ ಕುತ್ತು. ರಸ್ತೆಗೆ ತಾಗುವ ರಬ್ಬರ್ ಕಡಿಮೆಯಾಗುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದು ದೊಡ್ಡ ಬಟನ್ನಲ್ಲ, ಬಟನ್ನಿನ ಮೇಲಿನ ಕೂದಲೆಳೆಯಷ್ಟು ಸಣ್ಣ ಸೀಳುಗಳು ಮತ್ತು ರಬ್ಬರಿನ ಮೆದುತನ. ಅಂಥ ಸೀಳುಗಳು ಎಂ/ಟಿಯಲ್ಲಿ ಕಡಿಮೆ. ಜೊತೆಗೆ ಗುಂಯ್ ಎನ್ನುವ ಸದ್ದು ಬೇರೆ. ಎರಡಕ್ಕೂ ನಡುವಿನದು ಎ/ಟಿ. ಬಟನ್ನುಗಳ ನಡುವೆ ಒಂದಿಷ್ಟು ಜಾಗ, ಬಟನ್ನಿನ ಮೇಲೆ ಬೇಕಾದಷ್ಟು ಸೀಳು, ಹೆದ್ದಾರಿಯ ಟಯರಿಗಿಂತ ಗಟ್ಟಿಯಾದ ಪಕ್ಕೆ.

ಚಿಕ್ಕಮಗಳೂರಿನ ಟಯರ್ ಅಂಗಡಿಯೊಂದರಲ್ಲಿ ಕೇಳಿದ ಮಾತು:

“ಅಣ್ಣ, ಎಂ/ಟಿ ಹಾಕ್ಬಿಡಿ. ಗಾಡಿ ಗತ್ತಾಗಿ ಕಾಣ್ಬೇಕು.”

“ಹಾಕ್ತೀನಿ ಸಾರ್. ಆಮೇಲೆ ಮನೆಯವ್ರು ಸದ್ದು ಜಾಸ್ತಿ ಅಂತ ಬೈದ್ರೆ ನನ್ನತ್ರ ಬರ್ಬೇಡಿ.”

ಅಂಗಡಿಯವನಿಗೆ ಎಂ/ಟಿಯಲ್ಲೇ ಲಾಭ ಹೆಚ್ಚು. ಆದರೂ ಹಾಗೆ ಹೇಳಿದ ಅವನ ಬಗ್ಗೆ ನನಗೆ ಗೌರವ ಹುಟ್ಟಿತು. ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ: ದಿನವೂ ಕೆಸರಿನ ತೋಟದೊಳಗೆ ದುಡಿಯುವ ಗಾಡಿ, ಗೋವಾದ ರೈನ್‌ಫಾರೆಸ್ಟ್ ಚಾಲೆಂಜ್‌ನಂಥ ಮಳೆಗಾಲದ ಸ್ಪರ್ಧೆಗೆ ಇಳಿಯುವ ಗಾಡಿ, ಇವೆರಡನ್ನು ಬಿಟ್ಟರೆ ಎಂ/ಟಿ ಬೇಕಾದವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಉಳಿದವರಿಗೆ ದೇಸಿ ಎ/ಟಿಯೇ ಸಾಕು. ಹೆದ್ದಾರಿ ಬಿಟ್ಟರೆ ಬರೀ ಒಣ ಮಣ್ಣಿನ ದಾರಿ ಕಾಣುವವರಿಗೆ ಕಂಪನಿ ಕೊಟ್ಟ ಎಚ್/ಟಿ ಸವೆಯುವವರೆಗೂ ಅದೂ ಬೇಡ.

ಮಣ್ಣು ಕೇಳಿ ಟಯರ್ ಕೊಳ್ಳಿ

ಹೊರದೇಶಗಳ ವಿಡಿಯೊಗಳನ್ನು ನೋಡಿ ಟಯರ್ ಆರಿಸುವುದರಲ್ಲಿ ಒಂದು ತೊಡಕಿದೆ. ಅಲ್ಲಿನ ಮಣ್ಣು ನಮ್ಮದಲ್ಲ. ನಮ್ಮ ರಾಜ್ಯದೊಳಗೇ ಮಣ್ಣು ನಾಲ್ಕೈದು ಬಗೆ.

ಮಲೆನಾಡಿನದು ಕೆಮ್ಮಣ್ಣು. ಮಳೆಗೆ ಮೇಲಿನ ಪದರ ನುಣ್ಣಗಾಗುತ್ತದೆ, ಆದರೆ ಹೆಚ್ಚಿನ ಕಡೆ ಅದರಡಿಯಲ್ಲಿ ಗಟ್ಟಿ ನೆಲ ಸಿಗುತ್ತದೆ. ಇಲ್ಲಿ ಅಗಲದ ಟಯರು ಮೇಲಿನ ಕೆಸರಿನ ಮೇಲೇ ತೇಲಿಕೊಂಡು ಪಕ್ಕಕ್ಕೆ ಜಾರುತ್ತದೆ. ಸಣಕಲು ಟಯರು ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿಯನ್ನು ಮುಟ್ಟುತ್ತದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದು 6.00-16 ಅಳತೆಯ ಟಯರು, ಅಂದರೆ ಆರೇ ಇಂಚು ಅಗಲ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಮುಂಬೈಯಲ್ಲಿ ವಿಲ್ಲಿಸ್ ಜೀಪನ್ನು ಜೋಡಿಸತೊಡಗಿದಾಗ ಆ ಅಳತೆಯೂ ಜೊತೆಗೇ ಬಂತು, ದಶಕಗಟ್ಟಲೆ ನಮ್ಮ ತೋಟಗಳಲ್ಲಿ ಉಳಿಯಿತು. ಕೊಡಗಿನ, ಮೂಡಿಗೆರೆಯ ಹಿರಿಯ ಡ್ರೈವರುಗಳಿಗೆ ಅಗಲದ ಟಯರಿನ ಮೇಲೆ ನಂಬಿಕೆ ಇಲ್ಲದಿರುವುದಕ್ಕೆ ಕಾರಣ ಹಳೆಯ ಕಾಲದ ಹಟವಲ್ಲ, ಈ ನೆಲದ ಅನುಭವ. ಮಳೆ ಜೋರಾದಾಗ ಅವರು ಟಯರ್ ಬದಲಿಸುವುದಿಲ್ಲ, ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತುತ್ತಾರೆ. ಯಾವ ದುಬಾರಿ ಎಂ/ಟಿಯೂ ಸರಪಳಿ ಸುತ್ತಿದ ಸಾದಾ ಟಯರಿನ ಮುಂದೆ ಜಾರುಗಡ್ಡೆಯಲ್ಲಿ ನಿಲ್ಲಲಾರದು. ಸರಪಳಿಯೊಂದಿಗೆ ಟಾರಿಗೆ ಇಳಿದರೆ ಮಾತ್ರ ರಸ್ತೆಯೂ ಹಾಳು, ಟಯರೂ ಹಾಳು. ಗಟ್ಟಿ ರಸ್ತೆ ಸಿಕ್ಕ ಕೂಡಲೇ ಬಿಚ್ಚಬೇಕು.

ಕರಾವಳಿಯ ಮುರಕಲ್ಲಿನ ದಾರಿಯದು ಬೇರೆ ಕತೆ. ಒಣಗಿದಾಗ ಅರದಂತೆ ಟಯರನ್ನು ತೇಯುವ ಅದೇ ಕಲ್ಲು ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಪಾಚಿಯ ಮೇಲೆ ದಪ್ಪ ಬಟನ್ನಿನಿಂದ ಏನೂ ಉಪಯೋಗವಿಲ್ಲ. ಕಚ್ಚಲು ಅಲ್ಲಿ ಮೆತ್ತನೆಯ ನೆಲವೇ ಇಲ್ಲ. ಅಲ್ಲಿ ಬೇಕಾದದ್ದು ಸೀಳುಗಳಿರುವ ಮೆದು ರಬ್ಬರು ಮತ್ತು ನಿಧಾನ. ರಾಮನಗರ, ಕೋಲಾರದ ಬಂಡೆಗಳ ಮೇಲೆ ಹತ್ತಿಸುವವರಿಗೆ ಮುಖ್ಯವಾದದ್ದು ಗ್ರಿಪ್ಪಿಗಿಂತ ಹೆಚ್ಚಾಗಿ ಪಕ್ಕೆ. ಟಯರಿನ ತಳಕ್ಕೆ ಮೊಳೆ ಚುಚ್ಚಿದರೆ ಪಂಚರ್ ಹಾಕಬಹುದು. ಪಕ್ಕೆ ಹರಿದರೆ ಆ ಟಯರಿನ ಕತೆ ಮುಗಿಯಿತು.

ಇನ್ನು ಗದಗ, ವಿಜಯಪುರದ ಕಡೆಯ ಎರೆಮಣ್ಣು. ಅದರ ಮುಂದೆ ಎಲ್ಲ ಟಯರೂ ಒಂದೇ. ಒದ್ದೆ ಎರೆ ಬಟನ್ನುಗಳ ನಡುವೆ ಹೊಕ್ಕಿತೆಂದರೆ ಸಿಡಿಯುವುದಿಲ್ಲ. ಸುತ್ತುಸುತ್ತಿಗೆ ದಪ್ಪವಾಗುತ್ತಾ ಹೋಗಿ, ಮಡ್‌ಗಾರ್ಡಿನೊಳಗೆ ಗಿಡಿದು, ಕೊನೆಗೆ ಚಕ್ರವೇ ತಿರುಗದಂತೆ ಮಾಡುತ್ತದೆ. ಆ ಸೀಮೆಯ ರೈತರು ಮಳೆ ನಿಂತು ಬಿಸಿಲು ಬೀಳುವ ತನಕ ಹೊಲದ ದಾರಿಗೆ ಗಾಡಿ ಇಳಿಸುವುದಿಲ್ಲ. ಇಳಿಸಿದವರು ಟ್ರ್ಯಾಕ್ಟರ್ ಇರುವವರ ಫೋನ್ ನಂಬರ್ ಇಟ್ಟುಕೊಂಡಿರುತ್ತಾರೆ.

ಪಕ್ಕೆಯ ಮೇಲೆ ಬರೆದದ್ದು

ಅಂಗಡಿಗೆ ಹೋಗುವ ಮೊದಲು ಟಯರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಓದಲು ಕಲಿತರೆ ಸಾವಿರಾರು ರೂಪಾಯಿ ಉಳಿಯುತ್ತದೆ. 2020ರಲ್ಲಿ ಬಂದ ಥಾರ್‌ಗೆ ಕಂಪನಿಯೇ ಎರಡು ಅಳತೆ ಕೊಟ್ಟಿತು: 245/75 ಆರ್16 ಮತ್ತು 255/65 ಆರ್18. ಮೊದಲ ಅಂಕಿ ಟಯರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಲೆಕ್ಕ ಹಾಕಿದರೆ ಹದಿನಾರರ ಟಯರಿನ ಪಕ್ಕೆ 184 ಮಿ.ಮೀ. ಎತ್ತರ, ಹದಿನೆಂಟರದು 166 ಮಿ.ಮೀ. ಹದಿನೆಂಟರ ಅಲಾಯ್ ಷೋರೂಮಿನಲ್ಲಿ ಚೆಂದ ಕಾಣುತ್ತದೆ. ಕಲ್ಲಿನ ದಾರಿಯಲ್ಲಿ ಗಾಳಿ ಇಳಿಸಿ ಓಡಿಸುವಾಗ ಮಾತ್ರ ಎತ್ತರದ ಪಕ್ಕೆಯೇ ಮೇಲು. ಅದು ಬಗ್ಗುತ್ತದೆ, ರಿಮ್ಮನ್ನು ಕಾಯುತ್ತದೆ. ಹದಿನಾರು ಇಂಚಿನಲ್ಲಿ ಟಯರಿನ ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಕಡಿಮೆ ಬೆಲೆಯ ಮಾಡೆಲ್ ಕೊಂಡೆವಲ್ಲ ಎಂದು ಕೊರಗುವವರು ಈ ವಿಷಯದಲ್ಲಿ ಅದೃಷ್ಟವಂತರು.

ಅಳತೆ ಹೆಚ್ಚಿಸುವ ಆಸೆ ಜಿಮ್ನಿ ಕೊಂಡವರಲ್ಲಿ ಜೋರು. ಅದಕ್ಕೆ ಬರುವುದು 195/80 ಆರ್15, ವ್ಯಾಸ 693 ಮಿ.ಮೀ. ಅದರ ಬದಲು 215/75 ಆರ್15 ಹಾಕಿದರೆ ವ್ಯಾಸ ಹತ್ತು ಮಿ.ಮೀ. ಹೆಚ್ಚುತ್ತದೆ, ಗಾಡಿ ನೆಲದಿಂದ ಏಳುವುದು ಅದರ ಅರ್ಧ, ಐದೇ ಮಿ.ಮೀ. ಈ ಅಳತೆಯಲ್ಲಿ ಒಂದು ಲಾಭವಿದೆ: ಇದು ಬೊಲೆರೊದ ಅಳತೆಯೂ ಹೌದು. ಹಾಗಾಗಿ ಯಾವ ಊರಿನಲ್ಲೂ ಸಿಗುತ್ತದೆ, ಬೆಲೆಯಲ್ಲಿ ಪೈಪೋಟಿಯೂ ಇದೆ. ಇನ್ನೂ ಮುಂದೆ ಹೋಗಿ 235/75 ಆರ್15 ಹಾಕಿದವರ ಗಾಡಿ ಇಪ್ಪತ್ತು ಮಿ.ಮೀ. ಏಳುತ್ತದೆ, ಆದರೆ ವ್ಯಾಸ ಶೇ 6ರಷ್ಟು ಹೆಚ್ಚಿದ್ದರಿಂದ ಮೀಟರು 80 ತೋರಿಸುವಾಗ ಗಾಡಿ 85ರ ಹತ್ತಿರ ಓಡುತ್ತಿರುತ್ತದೆ. ಹತ್ತುದಾರಿಯಲ್ಲಿ ಎಳೆತ ಕುಗ್ಗುತ್ತದೆ. ಪೂರ್ತಿ ತಿರುಗಿಸಿದಾಗ ಟಯರು ಒಳಗೆ ಉಜ್ಜುವ ಸಂಭವ ಬೇರೆ. ಕಾನೂನಿನ ಮಾತೂ ಇದೆ. ಕಂಪನಿ ನಿಗದಿಪಡಿಸಿದ ಮೂಲ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಡ್‌ಗಾರ್ಡಿನಿಂದ ಆಚೆ ಚಾಚಿದ ಟಯರು ಆರ್‌ಟಿಒ ಕಣ್ಣಿಗೆ ಬೀಳುವುದು ಬೇಗ. ವಿಮೆಯವರಿಗಂತೂ ಅಪಘಾತದ ಮರುದಿನ ಅದು ಒಳ್ಳೆಯ ನೆಪ. ಕಂಪನಿ ಒಪ್ಪಿದ ಅಳತೆಯಲ್ಲೇ ಒಳ್ಳೆಯ ಜಾತಿಯ ಟಯರ್ ಹುಡುಕುವುದೇ ಜಾಣತನ, ದುಡ್ಡೂ ಕಡಿಮೆ.

ಅಳತೆಯ ಪಕ್ಕದಲ್ಲೇ ಭಾರದ ಅಂಕಿ, ವೇಗದ ಅಕ್ಷರ ಇರುತ್ತವೆ. 96 ಎಂದರೆ ಒಂದು ಟಯರು 710 ಕೆ.ಜಿ. ಹೊರಬಲ್ಲದು, 104 ಎಂದರೆ 900, 108 ಎಂದರೆ 1,000. ಕಂಪನಿಯ ಟಯರಿಗಿಂತ ಈ ಅಂಕಿ ಕಡಿಮೆ ಇರಬಾರದು. ತೀರಾ ಹೆಚ್ಚಿದ್ದರೂ ಸುಖವಿಲ್ಲ. ಅಳತೆಯ ಮುಂದೆ ಎಲ್‌ಟಿ ಎಂದು ಬರೆದ ಟಯರುಗಳು ಲಘು ಲಾರಿಗಳ ಭಾರಕ್ಕೆ ಮಾಡಿದವು. ಪಕ್ಕೆ ಬಲು ಗಟ್ಟಿ, ತೂಕವೂ ಹೆಚ್ಚು. 1,200 ಕೆ.ಜಿ. ಆಸುಪಾಸಿನ ಜಿಮ್ನಿಗೆ ಅಂಥದ್ದು ಹಾಕಿದರೆ ಪಕ್ಕೆ ಬಗ್ಗುವುದೇ ಇಲ್ಲ. ಗಾಡಿ ಪ್ರತಿ ಕಲ್ಲಿಗೂ ಪುಟಿಯುತ್ತದೆ, ಹಿಡಿತವೂ ಕಡಿಮೆ. “ಹತ್ತು ಪ್ಲೈ ಇದೆ ಸಾರ್, ಟ್ಯಾಂಕ್ ಇದ್ದಂಗೆ” ಎಂದು ಮಾರುವವರಿಗೆ ನಿಮ್ಮ ಗಾಡಿಯ ತೂಕ ಗೊತ್ತಿರುವುದಿಲ್ಲ.

ಕೊನೆಗೆ ನಾಲ್ಕು ಅಂಕಿಯ ತಾರೀಖು. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಗಾಡಿಗಳಿಗೆ ಇದು ಬಹಳ ಮುಖ್ಯ. ತೋಟದ ಜೀಪು ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿ.ಮೀ. ಓಡಿದರೆ ಹೆಚ್ಚು. ಗ್ರಿಪ್ ಸವೆಯುವ ಮೊದಲೇ ರಬ್ಬರು ಮುಪ್ಪಾಗುತ್ತದೆ. ಪಕ್ಕೆಯಲ್ಲಿ ಸಣ್ಣ ಬಿರುಕು, ಬಟನ್ನಿನ ಬುಡದಲ್ಲಿ ಸೀಳು ಕಂಡವೆಂದರೆ, ಹಲ್ಲು ಎಷ್ಟೇ ಎತ್ತರವಿದ್ದರೂ, ಆ ಟಯರಿಗೆ ಘಾಟಿ ಇಳಿಯುವ ಯೋಗ್ಯತೆ ಇಲ್ಲ. ಅಂಥ ಜೀಪಿಗೆ ಎಂಬತ್ತು ಸಾವಿರ ಕಿ.ಮೀ. ಬರುತ್ತದೆ ಎಂಬ ದುಬಾರಿ ಟಯರ್ ಕೊಳ್ಳುವುದು ದಂಡ. ಅಷ್ಟು ದೂರ ಅದು ಹೋಗುವುದೇ ಇಲ್ಲ.

ಕಿಲೋಮೀಟರಿಗೆ ಎಷ್ಟು ಬಿತ್ತು?

ಈಗ ದುಡ್ಡಿನ ಮಾತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟಯರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಪರವಾನಗಿ ಇಲ್ಲದೆ ತರಿಸುವಂತಿಲ್ಲ. ಅಗ್ಗದ ಹೊರದೇಶದ ಟಯರಿನ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿತು. ಅತ್ತ ದೇಸಿ ಕಂಪನಿಗಳು ಈ ಜಾತಿಯ ಟಯರುಗಳಿಗೆ ಗಮನ ಕೊಡತೊಡಗಿದವು. ಎಂಆರ್‌ಎಫ್‌ನ ವಾಂಡರರ್, ಅಪೊಲೊದ ಆಪ್ಟೆರಾ, ಜೆಕೆಯ ರೇಂಜರ್, ಸಿಯೆಟ್‌ನ ಕ್ರಾಸ್‌ಡ್ರೈವ್ ಮಾಲಿಕೆಗಳಲ್ಲಿ ಎ/ಟಿ ಸಿಗುತ್ತವೆ. ಯೊಕೊಹಾಮಾದ ಜಿಯೊಲ್ಯಾಂಡರ್ ಒಂದು ಮೆಟ್ಟಿಲು ಮೇಲೆ, ಬಿಎಫ್‌ಗುಡ್‌ರಿಚ್ ಅದಕ್ಕೂ ಮೇಲೆ. ಜೆಕೆಗೆ ಮೈಸೂರಿನ ನಂಟೂ ಇದೆ. ರಾಜ್ಯ ಸರ್ಕಾರದ ಪಾಲಿದ್ದ ವಿಕ್ರಾಂತ್ ಟಯರ್ಸ್ ಅನ್ನು 1997ರಲ್ಲಿ ಆ ಕಂಪನಿ ವಹಿಸಿಕೊಂಡಿತು. ಮೈಸೂರಿನ ಹಳಬರು ಈಗಲೂ ಅದನ್ನು ವಿಕ್ರಾಂತ್ ಫ್ಯಾಕ್ಟರಿ ಎಂದೇ ಕರೆಯುತ್ತಾರೆ. ಇನ್ನೊಂದು ಸಮಾಧಾನ, 2025ರ ಸೆಪ್ಟೆಂಬರ್ 22ರಿಂದ ಟಯರಿನ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅಂಗಡಿಯವರು ಹಳೆಯ ಬೆಲೆಯ ಪಟ್ಟಿ ತೋರಿಸಿದರೆ ಕೇಳಲು ಸಂಕೋಚ ಬೇಡ.

ಬೆಲೆಯನ್ನು ಟಯರಿಗೆ ಇಷ್ಟು ಎಂದು ನೋಡಬಾರದು. ಉದಾಹರಣೆಗೆ ಒಂದು ದೇಸಿ ಎ/ಟಿಗೆ 9,000 ರೂಪಾಯಿ ಎಂದಿಟ್ಟುಕೊಳ್ಳಿ, ನಾಲ್ಕಕ್ಕೆ 36,000. ಅದು 50,000 ಕಿ.ಮೀ. ಬಂದರೆ ಕಿ.ಮೀ.ಗೆ 72 ಪೈಸೆ. ಅದೇ ಒಂದಕ್ಕೆ 14,000ದ ಎಂ/ಟಿ ಹಾಕಿ, ಟಾರಿನ ಮೇಲೆ ಬೇಗ ಸವೆದು 30,000 ಕಿ.ಮೀ.ಗೆ ಮುಗಿದರೆ ಕಿ.ಮೀ.ಗೆ ಒಂದು ರೂಪಾಯಿ 87 ಪೈಸೆ. ಇಲ್ಲಿಗೇ ಮುಗಿಯಲಿಲ್ಲ. ಭಾರದ, ದಪ್ಪ ಬಟನ್ನಿನ ಟಯರನ್ನು ಉರುಳಿಸಲು ಎಂಜಿನ್ನಿಗೆ ಹೆಚ್ಚು ಶ್ರಮ. ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ 11ಕ್ಕೆ ಇಳಿದರೂ 50,000 ಕಿ.ಮೀ.ಗೆ ಹೆಚ್ಚುಕಡಿಮೆ 380 ಲೀಟರ್ ಡೀಸೆಲ್ ಹೆಚ್ಚಿಗೆ ಬೇಕು. ಲೀಟರಿಗೆ 90 ಹಿಡಿದರೆ 34,000 ರೂಪಾಯಿ. ಇನ್ನೊಂದು ಸೆಟ್ ದೇಸಿ ಟಯರಿನ ದುಡ್ಡು ಬಂಕಿಗೆ ಹೋಯಿತು.

ದುಬಾರಿ ಟಯರು ಯಾರಿಗೂ ಬೇಡವೆಂದಲ್ಲ. ವರ್ಷಕ್ಕೊಮ್ಮೆ ಲಡಾಖ್, ಸ್ಪಿತಿಗೆ ಸ್ವಂತ ಗಾಡಿಯಲ್ಲಿ ಹೋಗುವವರು, ಪಂಚರ್ ಅಂಗಡಿ ನೂರಾರು ಕಿ.ಮೀ. ದೂರವಿರುವ ಕಡೆ ಚೂಪುಗಲ್ಲಿನ ಮೇಲೆ ಓಡಿಸುವವರು ಗಟ್ಟಿ ಪಕ್ಕೆಗೆ ದುಡ್ಡು ಕೊಟ್ಟರೆ ಅದು ಸರಿಯಾದ ಖರ್ಚೇ.

ಅಗ್ಗಕ್ಕೆ ಇನ್ನೂ ಕೆಲವು ದಾರಿಗಳಿವೆ. ಬೆಂಗಳೂರಿನ ದೊಡ್ಡ ಟಯರ್ ಅಂಗಡಿಗಳಲ್ಲಿ, ಹೊಸ ಗಾಡಿಯಿಂದ ಬಿಚ್ಚಿಸಿ ಬಿಟ್ಟುಹೋದ ಕಂಪನಿ ಟಯರುಗಳು ಸಿಗುತ್ತವೆ. ಷೋರೂಮಿನಿಂದ ನೇರ ಅಂಗಡಿಗೆ ಬಂದ ಗಾಡಿಯದಾದರೆ ಮೇಲಿನ ರಬ್ಬರಿನ ಮುಳ್ಳೂ ಉದುರಿರುವುದಿಲ್ಲ. ಶ್ರೀಮಂತರ ಹುಚ್ಚಿನಿಂದ ಉಳಿದವರಿಗೆ ಆಗುವ ನ್ಯಾಯವಾದ ಲಾಭ ಇದೊಂದೇ ಇರಬೇಕು. ತಾರೀಖು ನೋಡಿ, ಒಳಗೆ ಕೈಯಾಡಿಸಿ, ಪಂಚರ್ ತೇಪೆ ಇಲ್ಲವೆಂದು ಖಚಿತಮಾಡಿಕೊಂಡು ತರಬಹುದು. ವರ್ಷದ ಹಿಂದಿನ ಹಳೆಯ ಸ್ಟಾಕಿಗೆ ರಿಯಾಯಿತಿ ಕೇಳುವುದೂ ತಪ್ಪಲ್ಲ. ಮೂರು ವರ್ಷ ಗೋದಾಮಿನಲ್ಲಿ ಬಿದ್ದದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ನಾನು ಮುಟ್ಟುವುದಿಲ್ಲ. ಇನ್ನು ರೀಸೋಲ್, ಅಂದರೆ ಸವೆದ ಟಯರಿನ ಮೇಲೆ ಹೊಸ ಗ್ರಿಪ್ ಕೂರಿಸಿದ್ದು. ತೋಟದ ಗೇಟು ದಾಟದ, ಗಂಟೆಗೆ ಇಪ್ಪತ್ತು ಕಿ.ಮೀ. ಮೀರದ ಜೀಪಿಗೆ ರೀಸೋಲ್ ಟಯರು ನಡೆಯುತ್ತದೆ, ನಡೆದುಕೊಂಡೂ ಬಂದಿದೆ. ಹೆದ್ದಾರಿಗೆ ಇಳಿಯುವ ಗಾಡಿಗೆ ಬೇಡ.

ಎಲ್ಲಕ್ಕಿಂತ ಅಗ್ಗದ ಟಯರು: ಗಾಳಿ

ಕೆಲವು ಸಾವಿರ ರೂಪಾಯಿಗೆ ಸಿಗುವ 12 ವೋಲ್ಟಿನ ಕಂಪ್ರೆಸರ್, ನಂಬುವಂಥ ಗಾಳಿಯ ಗೇಜು, ತೇಪೆ ಸಾಮಾನು. ಹೊಸ ಟಯರಿನ ಯೋಚನೆ ಬರುವ ಮೊದಲು ಇವು ಗಾಡಿಯಲ್ಲಿರಬೇಕು. ಟಯರಿನ ಗಾಳಿ ಇಳಿಸಿದರೆ ಅದು ಅಗಲಕ್ಕೆ ಹರಡುವುದಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಚಾಚುತ್ತದೆ. ನೆಲದ ಮೇಲಿನ ಅದರ ಹೆಜ್ಜೆ ನೀಳವಾಗುತ್ತದೆ, ಕಲ್ಲಿನ ಮೂಲೆಗಳಿಗೆ ಅಪ್ಪಿಕೊಳ್ಳುತ್ತದೆ. ಬಿಗಿ ಗಾಳಿಯ ಟಯರು ಅದೇ ಕಲ್ಲಿನ ಮೇಲೆ ಪುಟಿದು ಚಕ್ರ ಸುಮ್ಮನೆ ತಿರುಗುತ್ತದೆ.

ಎಷ್ಟು ಇಳಿಸಬೇಕು? ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿ ಬರೆದದ್ದು ಟಾರಿನ ಲೆಕ್ಕ. ಕಲ್ಲು ಕೊರಕಲಿನ ದಾರಿಗೆ 25 ಪಿಎಸ್ಐ ಆಸುಪಾಸು, ಬಂಡೆ ಹತ್ತುವಾಗ 20ರ ಹತ್ತಿರ. ಕಾರವಾರ, ಮರವಂತೆಯ ಕಡೆಯ ಮರಳಿನಲ್ಲಿ ಸಿಕ್ಕಿಕೊಂಡರೆ 15ಕ್ಕೆ ಇಳಿಸಿ ನೋಡಬೇಕು, ಹೆಚ್ಚಿನ ಸಲ ಅಷ್ಟಕ್ಕೇ ಗಾಡಿ ಹೊರಗೆ ಬರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟಯರು ರಿಮ್ಮಿನಿಂದ ಕಳಚಿಕೊಳ್ಳುವ ಭಯ. ಹಳೆಯ ಜೀಪುಗಳಲ್ಲಿ ಟ್ಯೂಬ್ ಇರುವುದರಿಂದ ಈ ಆಟ ಆಡುವಂತಿಲ್ಲ. ಗಾಳಿ ಕಡಿಮೆಯಾದರೆ ರಿಮ್ಮಿನ ಮೇಲೆ ಟಯರು ಸರಿದು ವಾಲ್ವನ್ನೇ ಕಿತ್ತುಬಿಡುತ್ತದೆ. ಗಾಳಿ ಇಳಿಸಿದ ಮೇಲೆ ವೇಗವೂ ಇಳಿಯಬೇಕು. ಟಾರು ಸಿಕ್ಕ ಕೂಡಲೇ, ಟೀ ಅಂಗಡಿ ಹುಡುಕುವ ಮೊದಲು, ಗಾಳಿ ತುಂಬಬೇಕು. ಗಾಳಿ ಇಲ್ಲದ ಟಯರು ಹೆದ್ದಾರಿಯ ವೇಗದಲ್ಲಿ ಒಳಗಿಂದಲೇ ಬಿಸಿಯಾಗಿ ಸೀಳುತ್ತದೆ.

ಫೋರ್ ವೀಲ್ ಡ್ರೈವ್ ಗಾಡಿಗೆ ಮಾತ್ರ ಸಂಬಂಧಿಸಿದ ಇನ್ನೊಂದು ವಿಷಯವನ್ನು ಮಾಮೂಲಿ ಅಂಗಡಿಯವರು ಹೇಳುವುದಿಲ್ಲ. ಇಂಥ ಗಾಡಿಗೆ ಎರಡೇ ಟಯರ್ ಬದಲಿಸುವ ಉಳಿತಾಯ ಒಳ್ಳೆಯದಲ್ಲ. ಥಾರ್, ಜಿಮ್ನಿ, ಹಳೆಯ ಜಿಪ್ಸಿಗಳಲ್ಲಿ ಫೋರ್ ವೀಲ್‌ಗೆ ಹಾಕಿದಾಗ ಮುಂದಿನ ಹಿಂದಿನ ಚಕ್ರಗಳು ಒಂದೇ ಲೆಕ್ಕದಲ್ಲಿ ತಿರುಗುವಂತೆ ಬಂಧಿಯಾಗುತ್ತವೆ. ಮುಂದೆ ಸವೆದದ್ದು, ಹಿಂದೆ ಹೊಸದು ಇದ್ದರೆ ಸುತ್ತಳತೆ ಬೇರೆಬೇರೆ. ಆ ವ್ಯತ್ಯಾಸವನ್ನು ನುಂಗಬೇಕಾದವು ಗೇರುಗಳು, ಶಾಫ್ಟುಗಳು. ಅವುಗಳ ರಿಪೇರಿಗೆ ಬರುವ ಬಿಲ್ಲಿನಲ್ಲಿ ಎರಡು ಸೆಟ್ ಟಯರ್ ಬರುತ್ತದೆ. ಒಣ ಟಾರಿನ ಮೇಲೆ ಫೋರ್ ವೀಲ್‌ನಲ್ಲೇ ಓಡಿಸುವ ಚಟವೂ ಇದೇ ಕಾರಣಕ್ಕೆ ಬಿಡಬೇಕಾದದ್ದು. ಹಾಗಾಗಿ ಕೊಳ್ಳುವುದಾದರೆ ಐದನ್ನೂ ಒಟ್ಟಿಗೇ ಕೊಂಡು, ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಸುತ್ತು ಬದಲಿಸುವುದು ಲೇಸು. ಆಗ ಐದೂ ಸಮನಾಗಿ ಸವೆಯುತ್ತವೆ, ಬಳಸದ ಸ್ಟೆಪ್ನಿ ಬಿಸಿಲಿಗೆ ಒಣಗಿ ಹಾಳಾಗುವುದೂ ತಪ್ಪುತ್ತದೆ.

ಬದಲಿಸುವ ಸಮಯವನ್ನು ಮಾತ್ರ ಕಾನೂನು ಹೇಳುವ 1.6 ಮಿ.ಮೀ. ವರೆಗೆ ಎಳೆಯಬೇಡಿ. ಆ ಅಂಕಿ ದಂಡ ತಪ್ಪಿಸಿಕೊಳ್ಳಲು ಸಾಕು, ಚಾರ್ಮಾಡಿಯ ಮಳೆಗೆ ಸಾಲದು. ಗ್ರಿಪ್ 4 ಮಿ.ಮೀ.ಗೆ ಬಂದಿದ್ದರೆ, ಹಳೆಯದರಲ್ಲಿ ಬೇಸಿಗೆಯ ಕೊನೆಯ ಸುತ್ತಾಟ ಮುಗಿಸಿ, ಮೇ ತಿಂಗಳಲ್ಲೇ ಹೊಸದು ಹಾಕಿಸಿಕೊಳ್ಳುವುದು ಲೇಸು. ಮಳೆ ಶುರುವಾದ ಮೇಲೆ ಅಂಗಡಿಯಲ್ಲಿ ಬೇಕಾದ ಅಳತೆ ಸಿಗುವುದೂ ಕಷ್ಟ.

ಐದನೆಯದರ ಬಗ್ಗೆ ಕೊನೆಯದಾಗಿ ಒಂದು ಮಾತು. ಥಾರ್, ಜಿಮ್ನಿ, ಗೂರ್ಖಾಗಳಲ್ಲಿ ಸ್ಟೆಪ್ನಿ ನೇತಾಡುವುದು ಹಿಂಬಾಗಿಲಿನ ಮೇಲೆ. ಅಳತೆ ಹೆಚ್ಚಿಸಿದ ಅಥವಾ ಎಲ್‌ಟಿ ಜಾತಿಯ ಟಯರನ್ನು ಅಲ್ಲಿಗೆ ತೂಗುಹಾಕಿದರೆ ಆ ಹೆಚ್ಚುವರಿ ಭಾರ ಪ್ರತಿ ಗುಂಡಿಗೂ ಬಾಗಿಲಿನ ಕೀಲನ್ನು ಜಗ್ಗುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲು ಜೋಲುಬಿದ್ದು, ಎತ್ತಿ ಮುಚ್ಚಬೇಕಾಗುತ್ತದೆ, ಸಂದಿಯಿಂದ ಒಳಗೆ ಧೂಳು ನುಗ್ಗುತ್ತದೆ. ಅಂಗಡಿಯಲ್ಲಿ ಟಯರ್ ಒಪ್ಪುವ ಮೊದಲು ಅದರ ತೂಕ ಕೇಳಿ, ಕಂಪನಿಯದರ ಪಕ್ಕದಲ್ಲಿಟ್ಟು ಎತ್ತಿ ನೋಡಿ. ಐದೂ ಹಾಕಿಸಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಉಜ್ಜುತ್ತಿಲ್ಲವೆಂದು ನೋಡಿ, ಅಲೈನ್‌ಮೆಂಟ್ ಮಾಡಿಸಿ, ಪ್ರತಿ ಟಯರಿನ ನಂಬರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರಂಟಿಗೆ ಹೋದಾಗ ಅವರು ಮೊದಲು ಕೇಳುವುದು ಅದನ್ನೇ.